ಮರಿತಾಯಮ್ಮ ಬೆಳ್ಳಗೆ ಮಾಡಿದ ಫೋಟೊ

ಕೊಪ್ಪದ ಮರಿತಾಯಮ್ಮ ಕೂಡಿಸಿದ ಜೋಡಿಗಳು ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಯಾವ ಊರಿಗೆ ಹೋದರೂ ಸಿಗುತ್ತವೆ. ಗಂಡ ತೀರಿಕೊಂಡ ಮೇಲೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ, ಉಳಿದ ಹೊತ್ತಿನಲ್ಲಿ ಗಂಡು ಹೆಣ್ಣು ಹುಡುಕುತ್ತ ಬಸ್ಸು ಹತ್ತುತ್ತಿದ್ದ ಹೆಂಗಸು. ಬಾಯಿ ಜೋರು. ಸುಳ್ಳನ್ನೂ ಅಷ್ಟೋ ಇಷ್ಟೋ ಹೇಳುತ್ತಿದ್ದಳು. ಬೋಳುತಲೆಯ ಗಂಡಿಗೆ ಪೇಟ ಕಟ್ಟಿಸಿ ಫೋಟೊ ತೆಗೆಸಿದವಳೂ ಅವಳೇ. ಆದರೆ ಒಂದು ವಿಷಯದಲ್ಲಿ ಯಾರೂ ಅವಳತ್ತ ಬೆರಳು ತೋರಿಸುವಂತಿರಲಿಲ್ಲ. ಸಂಬಂಧ ಕೂಡಿಬರಲಿಲ್ಲವೆಂದರೆ, ಗಂಡಿನ ಮನೆಗೆ ತಾನೇ ಹೋಗಿ ಹೆಣ್ಣಿನ ಫೋಟೊ ಈಸಿಕೊಂಡು, ಹೆತ್ತವಳ ಕೈಗೆ ವಾಪಸು ಕೊಟ್ಟೇ ಮನೆ ಸೇರುತ್ತಿದ್ದಳು. "ಎಣ್ಮಗೀನ ಪಟ ಕಂಡೋರ ಮನೇಲಿ ಬಿದ್ದಿರಬಾರ್ದು ಕಣವ್ವ" ಎನ್ನುವಳು. ಈ ನಂಬಿಕೆಯ ಮೇಲೇ ತಾಯಂದಿರು ಅವಳಿಗೆ ಫೋಟೊ ಕೊಡುತ್ತಿದ್ದರು.

ಮೊಬೈಲು ಬಂದಮೇಲೆ ಈಸಿಕೊಂಡು ಬರಲು ಏನೂ ಉಳಿಯಲಿಲ್ಲ. ಕಳಿಸಿದರೆ ಆಯಿತು. ಇತ್ತ ಗಂಡಿನ ಕಡೆಯವರ ಸೊಕ್ಕೂ ಏರಿತ್ತು. ಫೋಟೊ ನೋಡಿದ ತಕ್ಷಣ "ಉಡುಗಿ ಒಸಿ ಕಪ್ಪು" ಎಂದು ರಾಗ ಎಳೆಯುತ್ತಿದ್ದರು. ಕಬ್ಬಿನ ಗದ್ದೆಯಲ್ಲಿ ಬೆಂದು ಇದ್ದಿಲಾದವರಿಗೂ ಸೊಸೆ ಮಾತ್ರ ಹಾಲಿನಂತಿರಬೇಕು! ಇದಕ್ಕೆ ಮರಿತಾಯಮ್ಮನಿಗೆ ಮೊಬೈಲಿನಲ್ಲೇ ಒಂದು ಮದ್ದು ಸಿಕ್ಕಿತು. ಫೋಟೊ ಹಾಕಿದರೆ ಮುಖ ಬೆಳ್ಳಗೆ ಮಾಡಿಕೊಡುವ ವೆಬ್‌ಸೈಟು, ಅದೂ ಪುಕ್ಕಟೆ. ನಡುವೆ ಇಂಗ್ಲಿಷಿನಲ್ಲಿ ಏನೋ ಷರತ್ತು ಉದ್ದಕ್ಕೆ ಬರುತ್ತಿತ್ತು. ಕೆಳಗಿನ ನೀಲಿ ಗುಂಡಿ ಒತ್ತಿದರೆ ಮಾಯವಾಗುತ್ತಿತ್ತು. ಅವಳು ಒತ್ತಿದಳು. ಕಾಲೇಜು ಕಲಿತವರಾದರೂ ಅದನ್ನು ಓದಿ ಒತ್ತುವವರು ಯಾರಿದ್ದಾರೆ ಹೇಳಿ.

ವೈದ್ಯನಾಥಪುರದ ಕುಸುಮಳ ಮಗಳು ಚಂದನಳ ಫೋಟೊವನ್ನೂ ಅಲ್ಲಿಗೇ ಹಾಕಿದಳು. ಚಂದನ ಮದ್ದೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಕಪ್ಪಾದರೂ ಲಕ್ಷಣವಾದ ಮುಖ, ಗಲ್ಲದ ಮೇಲೆ ಎದ್ದು ಕಾಣುವ ಮಚ್ಚೆ. ವೆಬ್‌ಸೈಟು ಬಣ್ಣವನ್ನಷ್ಟೇ ಬದಲಿಸದೆ ಮಚ್ಚೆ ಅಳಿಸಿ, ಮೂಗು ಸಣ್ಣ ಮಾಡಿ, ಕಣ್ಣು ದೊಡ್ಡದು ಮಾಡಿ ಕೊಟ್ಟಿತು. ಮಳವಳ್ಳಿಯ ಶಶಿಧರನ ಮನೆಯವರು ಫೋಟೊ ಒಪ್ಪಿದರು. ಬಂದು ನೋಡಿ ಹುಡುಗಿಯನ್ನೂ ಒಪ್ಪಿದರು. ಆಷಾಢ ಕಳೆದ ಮೇಲೆ ಮದುವೆ ಎಂದು ವೀಳ್ಯಶಾಸ್ತ್ರವೂ ಮುಗಿಯಿತು. ಚಂದನ ಫೋನು ಹಿಡಿದು ನಗುವುದನ್ನು ನೋಡಿ ಮರಿತಾಯಮ್ಮನಿಗೆ ತನ್ನ ಮಗಳೇ ದಡ ಸೇರಿದಷ್ಟು ಸಂತೋಷವಾಗಿತ್ತು.

ಒಂದು ಬೆಳಿಗ್ಗೆ ಶಶಿಧರನ ತಾಯಿ ಇಂದ್ರಮ್ಮನ ಫೋನು ಬಂತು.

"ನೀನು ತೋರ್ಸಿದ ಉಡುಗಿ ಮೊಬೈಲಲ್ಲಿ ಗಂಡಸ್ರ ಕರೀತಾ ಕುಂತವ್ಳೆ. ನಮ್ಮ ಅಳಿಯಂದ್ರೇ ನೋಡವ್ರೆ. ಈ ಸಂಬಂಧ ಬ್ಯಾಡ, ಬುಡು."

ಹಿಂದೆಯೇ ಒಂದು ಚಿತ್ರವೂ ಬಂತು. ಯಾವುದೋ ಹಾಳು ಕಂಪನಿಯ ಜಾಹೀರಾತು. 'ಒಂಟಿಯಾಗಿದ್ದೇನೆ, ಮಾತಾಡ್ತೀರಾ?' ಎಂಬ ಅಕ್ಷರಗಳ ಮೇಲೆ ಚಂದನ ನಗುತ್ತಿದ್ದಳು. ಗಲ್ಲದಲ್ಲಿ ಮಚ್ಚೆ ಇರಲಿಲ್ಲ. ಚಂದನಳ ಫೋಟೊ ಯಾರ ಬಳಿ ಬೇಕಾದರೂ ಇರಬಹುದು, ಆದರೆ ಮಚ್ಚೆಯಿಲ್ಲದ ಈ ಮುಖ ಮಾಡಿಕೊಟ್ಟದ್ದು ಆ ಪುಕ್ಕಟೆ ವೆಬ್‌ಸೈಟು, ಅಲ್ಲಿಗೆ ಹಾಕಿದ್ದು ಮರಿತಾಯಮ್ಮನ ಕೈಯೇ. ಇದನ್ನು ಯಾರ ಮನೆಗೆ ಹೋಗಿ ಈಸಿಕೊಂಡು ಬರುವುದು?

ಅವಳು ಸಿಕ್ಕಿದ ಬಸ್ಸು ಹತ್ತಿ ಮಳವಳ್ಳಿಗೆ ಹೋಗಿ ಇಂದ್ರಮ್ಮನ ಕಾಲು ಹಿಡಿದಳು. "ಅದು ಮಗೀನ ಮೊಕ ಅಲ್ಲ ಕಣಕ್ಕ. ನಾನು ಮಾಡ್ಸಿದ್ದು. ತಪ್ಪೆಲ್ಲ ನಂದು."

ಇಂದ್ರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇರಬೌದು. ನೆಂಟ್ರೆಲ್ಲ ನೋಡಾಯ್ತಲ್ಲ ಮರಿತಾಯಿ. ಯಾರ್ಯಾರ ಮನೇಗೋಗಿ ಯೋಳಾನ?" ಎಂದಳು. ಶಶಿಧರ ಒಳಗೇ ಇದ್ದ, ಹೊರಗೆ ಬರಲಿಲ್ಲ.

ಅಲ್ಲಿಂದ ವೈದ್ಯನಾಥಪುರಕ್ಕೆ ಬಂದು ಫೋಟೊದ ವಿಷಯವನ್ನೆಲ್ಲ ಒಪ್ಪಿಕೊಂಡಳು. ಕುಸುಮ ಕೇಳಿಸಿಕೊಂಡು ಎದ್ದು ಅಡಿಗೆಮನೆಗೆ ಹೋದಳು, ನೀರು ಬೇಕಾ ಅಂತಲೂ ಕೇಳಲಿಲ್ಲ. ಚಂದನ ಲ್ಯಾಬಿಗೆ ಹೋಗುವುದನ್ನು ಆಗಲೇ ನಿಲ್ಲಿಸಿದ್ದಳು. ರಕ್ತ ಕೊಡಲು ಬಂದವರು ಮೊಬೈಲನ್ನೊಮ್ಮೆ ಅವಳನ್ನೊಮ್ಮೆ ನೋಡುತ್ತಿದ್ದರಂತೆ. ಚಿತ್ರ ತೆಗೆಯಿರಿ ಎಂದು ಅವಳು ಜಾಹೀರಾತಿನವರಿಗೆ ಬರೆದಿದ್ದಳು. ಆಧಾರ್ ಕಾರ್ಡು ಹಿಡಿದು ಈಗಲೇ ಒಂದು ಫೋಟೊ ತೆಗೆದು ಕಳಿಸಿ, ಅದು ನೀವೇ ಎಂದು ಖಾತ್ರಿಯಾಗಬೇಕು ಎಂದಿದ್ದರು. ಬೇರೆ ದಾರಿ ಕಾಣದೆ ಅದನ್ನೂ ಕಳಿಸಿ, ಉತ್ತರಕ್ಕೆ ಕಾಯುತ್ತ ಕುಳಿತಿದ್ದಳು.

ಉತ್ತರ ಮರಿತಾಯಮ್ಮ ಅಲ್ಲಿರುವಾಗಲೇ ಬಂತು. ಚಂದನ ಓದಿದಳು. ಮತ್ತೊಮ್ಮೆ ಓದಿದಳು.

"ಎರಡು ಮುಖವೂ ತಾಳೆ ಆಗ್ತಿಲ್ವಂತೆ ದೊಡ್ಡವ್ವ. ಅದು ನಾನಲ್ವಂತೆ. ಅದಕ್ಕೇ ತೆಗೆಯಾಕಿಲ್ವಂತೆ."

ಅವಳು ಫೋನನ್ನು ಮರಿತಾಯಮ್ಮನ ಕಡೆಗೆ ತಿರುಗಿಸಿ ಹಿಡಿದಳು.

"ಅದು ನಾನಲ್ಲ ಅಂತ ಮಳವಳ್ಳಿಯೋರಿಗೂ ಒಂದ್ಮಾತು ಯೋಳ್ಬುಟ್ಟು ಬತ್ತೀಯಾ?" ಎಂದು ಕೇಳಿದಳು ಚಂದನ.

ಮರಿತಾಯಮ್ಮ ಆಗಲೇ ಹೇಳಿ ಬಂದಿದ್ದಳು.