ಸೋಮವಾರದ ಸಾಲು

ನನ್ನ ಕಂಪ್ಯೂಟರಿನಲ್ಲಿರುವ ಕ್ಯಾಲೆಂಡರಿಗೆ ಬಣ್ಣ, ಗುಂಡಿ ಏನೂ ಇಲ್ಲ. ಒಂದು ಫೈಲಿನಲ್ಲಿ ಸಾಲು ಬರೆಯಬೇಕು: ಯಾವ ವಾರ, ಎಷ್ಟು ಗಂಟೆ, ಏನು ನೆನಪಿಸಬೇಕು. ಒಮ್ಮೆ ಬರೆದರೆ ಸಾಕು, ಬೇಡವೆನ್ನುವ ತನಕ ಅದೇ ಮಾತು ಮರಳಿ ಮರಳಿ ತೆರೆಯ ಮೇಲೆ ಬರುತ್ತದೆ. ಕೆಲಸದ ಊರಾದ ವಾಡಿಯ ಬಾಡಿಗೆ ಮನೆಯಲ್ಲಿ ಕುಳಿತು ಮೊದಲು ಬರೆದದ್ದು ನಳದ ನೀರು ಬಿಡುವ ದಿನದ ಸಾಲು. ಎರಡನೆಯದು ಅಣ್ಣನದು:

ಪ್ರತಿ ಸೋಮವಾರ, ಬೆಳಿಗ್ಗೆ ಎಂಟು: ಅಣ್ಣನಿಗೆ ಫೋನ್. ಎತ್ತು ಹೇಗಿವೆ ಕೇಳು.

ಸೋಮವಾರ ಯಾಕೆಂದರೆ, ನಮ್ಮೂರು ಚಿಮ್ಮನಚೋಡದ ಮನೆಯಲ್ಲಿ ಅಂದು ಎತ್ತು ಹೂಡುವುದಿಲ್ಲ; ಬಸವಣ್ಣನ ವಾರ. ಅಣ್ಣ ಮನೆಯಲ್ಲೇ ಸಿಗುತ್ತಾನೆ. ಎತ್ತು ಯಾಕೆಂದರೆ, ಅವನೊಂದಿಗೆ ಬೇರೆ ಮಾತು ಬೇಗ ಮುಗಿದುಹೋಗುತ್ತಿತ್ತು.

"ಎತ್ತು ಹ್ಯಾಂಗವ ಅಣ್ಣಾ?"

"ಚಲೋ ಅವ. ನಿನ್ನನ್ನೇ ಕೇಳಾಕತ್ತಿದ್ವು."

ನಾನು ನಗುತ್ತಿದ್ದೆ. ಎಷ್ಟು ವಾರ ಹೀಗೆ ನಕ್ಕೆನೋ. ಆ ಸೋಮವಾರಗಳೆಲ್ಲ ಈಗ ಒಂದೇ ಆಗಿ ಕಲಸಿಹೋಗಿವೆ. ಇಂಥ ಸೋಮವಾರವೇ ಅವನ ದನಿ ತಗ್ಗಿತ್ತು ಎಂದರೆ ಅದು ಈಗ ಕಟ್ಟಿದ ಮಾತಾಗುತ್ತದೆ.

ಈ ಮಳೆಗಾಲದ ಒಂದು ಸೋಮವಾರ ಫೋನ್ ಎತ್ತಿದವರು ಅಣ್ಣನ ಹೆಂಡತಿ, ವೈನಿ. ಅಣ್ಣ ಸ್ನಾನಕ್ಕೆ ಹೋಗಿದ್ದ. ತೆರೆಯ ಮೇಲಿದ್ದುದನ್ನೇ ಅವರನ್ನೂ ಕೇಳಿದೆ.

"ಯಾವ ಎತ್ತೋ ತಮ್ಮಾ? ಮಾರಿ ಭಾಳ ದಿನ ಆಯ್ತು. ನಿಮ್ಮಣ್ಣ ಹೇಳ್ಯಾರಲ್ಲ! ನಾ ಬಾಜೂಕೇ ಕುಂತಿದ್ದೆ. ನೀ ಹ್ಞೂಂ ಹ್ಞೂಂ ಅಂದಿ."

"ಮತ್ತ ಅಣ್ಣ ಚಲೋ ಅವ ಅಂತಿದ್ನಲ್ಲ ವೈನಿ?"

"ಮುಂದಿನ ವಾರ ನೀ ಮತ್ತ ಎತ್ತಿಂದೇ ಕೇಳ್ದಿ. ಇನ್ನೇನಂತಾರ?"

ಮಾತು ತಿರುಗಿಸಲು, ಅಣ್ಣ ಇಂದು ಹೊಲಕ್ಕೆ ಹೋಗಿಲ್ಲವೇ ಎಂದೆ.

"ಬಾಡಿಗಿ ಟ್ರ್ಯಾಕ್ಟರಿಗಿ ಸೋಮಾರ ಏನದ? ನಿಮ್ಮಣ್ಣನೇ ಇವತ್ತು ಬ್ಯಾಡ ಅಂತಾರ. ನಿನ್ನ ಫೋನ್ ಬರ್ತದಲ್ಲ, ಕುಂದರ್ತಾರ."

ಫೋನ್ ಕಿವಿಯಲ್ಲಿಟ್ಟುಕೊಂಡೇ ಫೈಲು ತೆರೆದು ಎತ್ತಿನ ಮಾತು ಅಳಿಸಿದೆ. ಆ ಜಾಗದಲ್ಲಿ ಏನು ಬರೆಯಬೇಕೆಂದು ಹೊಳೆಯಲಿಲ್ಲ. ಅಣ್ಣನನ್ನು ಈಗ ಏನು ಕೇಳಬೇಕು ಎಂಬುದೇ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಣ್ಣ ಫೋನ್ ತೆಗೆದುಕೊಂಡ. "ಏನಪ್ಪಾ, ಇವತ್ತು ಎತ್ತಿನ ಸುದ್ದಿ ಕೇಳಲ್ಲೇನು?"

"ಯಾಕ ಮಾರಿದಿ ಅಣ್ಣಾ?"

ಅಣ್ಣ ಮೊದಲಿನಿಂದ ಹೇಳತೊಡಗಿದ: ತನ್ನ ಮೊಣಕಾಲು ನೋವು, ಕೆಸರಿನಲ್ಲಿ ಎತ್ತಿನ ಹಿಂದೆ ನಡೆಯಲಾಗದ್ದು, ಒಂದು ಎತ್ತಿನ ಕಣ್ಣಿಗೆ ಪೊರೆ ಬಂದದ್ದು. ಈ ಸಲ ಮರೆಯಬಾರದೆಂದು ನನ್ನ ಬೆರಳುಗಳು ಆಗಲೇ ಆ ಖಾಲಿ ಜಾಗದಲ್ಲಿ ಟೈಪ್ ಮಾಡುತ್ತಿದ್ದವು: ಮೊಣಕಾಲು ಹೇಗಿದೆ ಕೇಳು.

ಟಕಟಕ ಸದ್ದು ಅವನಿಗೆ ಕೇಳಿಸಿತು.

"ಬರ್ಕೊಳ್ಳಾಕತ್ತಿ ಏನು?" ಅಂದ.