ಗುಣವಾದ ಮೀನುಗಳ ಗತಿ

ಭಾನುವಾರ, 12 ಫೆಬ್ರವರಿ 2023. ಆಧಾರ: ನನ್ನ ದಿನಚರಿ. ತಾಳೆ ನೋಡಿದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನೊಡನೆ. ಆ ದಿನದ ಚೌಕದಲ್ಲಿ, ಕೆಲಸದಾಕೆ ಬರಲಿಲ್ಲವೆಂಬುದಕ್ಕೆ ನನ್ನ ಹೆಂಡತಿ ಎಳೆದ ಕೆಂಪು ಅಡ್ಡಗೀಟು ಇದೆ. ಅತಿಥಿಗಳು ಹೋದ ಮೇಲೆ ಕಾಫಿ ಲೋಟಗಳನ್ನು ನಾನೇ ತೊಳೆದದ್ದು ನೆನಪಿರುವುದರಿಂದ ತಾರೀಖು ದೃಢಪಡುತ್ತದೆ. ಎರಡು ಸ್ವತಂತ್ರ ಆಧಾರಗಳು ಒಂದೇ ಮಾತು ಹೇಳಿದರೆ ಅದನ್ನು ನಂಬಬಹುದೆಂದು ವೃತ್ತಿಯುದ್ದಕ್ಕೂ ಕಿರಿಯರಿಗೆ ಬೋಧಿಸಿದವನು ನಾನು.

ಅತಿಥಿಗಳು ನಮ್ಮದೇ ಬಿಲ್ಡಿಂಗಿನ ನಾಲ್ಕನೆಯ ಮಹಡಿಯ ದಂಪತಿ. ಆತ ಚೆಂಬೂರು ಸ್ಟೇಷನ್ನಿನ ಹತ್ತಿರ ಶುದ್ಧ ಸಸ್ಯಾಹಾರಿ ಹೋಟೆಲು ನಡೆಸುವ, ಮನೆಯಲ್ಲಿ ಮೀನಿಲ್ಲದೆ ಊಟಕ್ಕೆ ಕೂರದ ಉಡುಪಿಯ ಕಡೆಯ ಗೃಹಸ್ಥರು. ಆಕೆಗೆ ಅದರ ಹಿಂದಿನ ವರ್ಷ ಸ್ತನದ ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿತ್ತು. ಮುಂದಿನ ಐದು ವರ್ಷ ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಬೇಕೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಆ ಮಾತ್ರೆ ಆಕೆಯ ಕೀಲುಗಳನ್ನು ಹಿಡಿಯುತ್ತಿತ್ತು; ಬೆಳಗ್ಗೆ ಎದ್ದರೆ ಬೆರಳು ಮಡಚುವುದಕ್ಕೂ ಹೊತ್ತು ಬೇಕಾಗುತ್ತಿತ್ತು. ಅದನ್ನು ನೋಡಲಾರದೆ ಯಜಮಾನರು ಒಂದು ನಿರ್ಧಾರಕ್ಕೆ ಬಂದಿದ್ದರು: ಮಾತ್ರೆ ಬಿಡಿಸಿ ಅರಿಶಿನ, ಕರಿಮೆಣಸಿನ ಕಷಾಯದ ಮೇಲೆಯೇ ಇರಿಸುವುದು. ಅದಕ್ಕೆ ಬೇಕಾದ ಶಾಸ್ತ್ರಾಧಾರವನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡೇ ಬಂದಿದ್ದರು. ಆ ಶಾಸ್ತ್ರಾಧಾರ, ದುರದೃಷ್ಟವಶಾತ್, ಅರಿಶಿನದ ಮೇಲಿನ ನನ್ನ ಪ್ರಬಂಧ.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಎರಡು ಮಾತು ಅನಿವಾರ್ಯ. ಸಸ್ಯಗಳಿಂದ ತೆಗೆದ ಸಂಯುಕ್ತಗಳು ಮೀನಿನ ಸಂತಾನೋತ್ಪತ್ತಿಯ ಮೇಲೆ ಏನು ಪರಿಣಾಮ ಮಾಡುತ್ತವೆ ಎಂಬುದನ್ನು ನೋಡುತ್ತ ನಾನು ಕೂದಲು ಹಣ್ಣಾಗಿಸಿಕೊಂಡೆ. ಮೀನು ಮೊಟ್ಟೆಯಿಡುವುದರಲ್ಲಿ ಅನುದಾನ ಕೊಡುವವರಿಗೆ ಆಸಕ್ತಿಯಿರುವುದಿಲ್ಲ. ಅವರ ಮನೆಗಳಲ್ಲಿ ಯಾರೂ ಮೀನಿನ ಬಂಜೆತನದಿಂದ ನರಳುತ್ತಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಸಂಪ್ರದಾಯ ಬೆಳೆದಿತ್ತು. ಶುಭಕಾರ್ಯಕ್ಕೆ ಮೊದಲು ಗಣಪತಿಯನ್ನು ನೆನೆಯುವಂತೆ, ಪ್ರತಿಯೊಂದು ಪ್ರಬಂಧದ ಮೊದಲ ಪ್ಯಾರಾದಲ್ಲಿ ಕ್ಯಾನ್ಸರನ್ನು ನೆನೆಯುವುದು. ‘ಪ್ರಸ್ತುತ ಸಂಯುಕ್ತವು ಉರಿಯೂತವನ್ನೂ ಕ್ಯಾನ್ಸರನ್ನೂ ತಡೆಯಬಲ್ಲದೆಂಬ ಸೂಚನೆಗಳಿವೆ’ ಎಂಬ ಒಂದು ವಾಕ್ಯವನ್ನು ನಾನು ಹಿರಿಯ ಸಹೋದ್ಯೋಗಿಯಿಂದ ಪಡೆದೆ. ಅವರು ಅವರ ಹಿರಿಯರಿಂದ ಪಡೆದಿದ್ದರು. ನನ್ನಿಂದ ನನ್ನ ವಿದ್ಯಾರ್ಥಿಗಳಿಗೆ ಅದು ಸಂದಿತು. ಪ್ರಯೋಗಾಲಯದ ತಕ್ಕಡಿಗಿಂತ ಹೆಚ್ಚು ಬಳಕೆಯಾದ ಸಲಕರಣೆ ಅದು. ಎರಡನೆಯ ಪ್ಯಾರಾದಿಂದ ನಾವು ನಿಶ್ಚಿಂತೆಯಿಂದ ಮೀನಿಗೆ ಇಳಿಯುತ್ತಿದ್ದೆವು. ಮೊದಲ ಪ್ಯಾರಾವನ್ನು ಯಾರಾದರೂ ಓದಿಯಾರೆಂದು ನಮಗೆ ಹೊಳೆದಿರಲಿಲ್ಲ.

ಯಜಮಾನರು ಮೊದಲ ಪ್ಯಾರಾವನ್ನು ಮಾತ್ರ ಓದಿದ್ದರು. ಹಳದಿ ಮಾರ್ಕರಿನಿಂದ ಗೆರೆಯನ್ನೂ ಎಳೆದಿದ್ದರು.

“ಡಾಕ್ಟ್ರೇ, ಇದು ನಿಮ್ಮದೇ ಅಲ್ವಾ? ನಮ್ಮ ಹೋಟೆಲಿನವರ ಗ್ರೂಪಿನಲ್ಲಿ ಬಂತು. ಹೆಸರು ನೋಡಿ ನನಗೆ ಕಣ್ಣಲ್ಲಿ ನೀರು ಬಂತು ಮಾರಾಯ್ರೆ. ಇಷ್ಟು ದೊಡ್ಡ ಮದ್ದು ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಉಂಟು, ನಾವು ಆಸ್ಪತ್ರೆ ಆಸ್ಪತ್ರೆ ಸುತ್ತುದು!”

“ಅದು ಮೀನಿನ ಮೇಲೆ ನಡೆಸಿದ ಅಧ್ಯಯನ, ಯಜಮಾನ್ರೇ.”

“ಎಂತ ಮೀನು?”

“ತಿಲಾಪಿಯಾ.”

“ಛೇ, ಅದಾ? ಅದು ಮಣ್ಣು ವಾಸನೆ. ಬಂಗುಡೆ ತಗೊಳ್ಬೇಕಿತ್ತು ನೀವು.” ಒಂದು ಕ್ಷಣ ನನ್ನ ವಿಜ್ಞಾನದ ಗುಣಮಟ್ಟದ ಬಗ್ಗೆ ಅವರಿಗೆ ಶಂಕೆ ಬಂದಂತೆ ಕಂಡಿತು. ಆದರೆ ಸಾವರಿಸಿಕೊಂಡರು. “ಇರ್ಲಿ. ಮೀನಿಗೆ ಆಗುದು ಮನುಷ್ಯರಿಗೆ ಆಗುದಿಲ್ವಾ?”

ನಾನು ಗಂಟಲು ಸರಿಪಡಿಸಿಕೊಂಡು, ನಿರ್ದಿಷ್ಟ ತಳಿಯಲ್ಲಿ, ನಿರ್ದಿಷ್ಟ ಪ್ರಮಾಣದಲ್ಲಿ, ನಿರ್ದಿಷ್ಟ ಉಷ್ಣತೆಯ ನೀರಿನಲ್ಲಿ ಅಂಡಾಶಯದ ಉರಿಯೂತ ಕಡಿಮೆಯಾದಂತೆ ಕಂಡುಬಂದಿದ್ದರೂ, ಪ್ರಮಾಣ ಹೆಚ್ಚಾದಾಗ ಮೊಟ್ಟೆಗಳೇ ಕಡಿಮೆಯಾದವೆಂದೂ, ಇದನ್ನು ಇತರ ಜೀವಿಗಳಿಗೆ ಅನ್ವಯಿಸಲು ಹೆಚ್ಚಿನ ಅಧ್ಯಯನದ ಅಗತ್ಯವಿದೆಯೆಂದೂ ವಿವರಿಸಿದೆ.

“ಅಂದ್ರೆ, ಆಗುದೇ ಇಲ್ಲ ಅಂತ ಇಲ್ಲ.”

“ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ.”

“ಕೇಳಿದ್ಯಾ!” ಎಂದು ಅವರು ಹೆಂಡತಿಯ ಕಡೆ ತಿರುಗಿದರು.

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. “ರೀ, ಆಗಲ್ಲ ಅಂತ ಒಂದೇ ಮಾತಲ್ಲಿ ಹೇಳ್ಬಾರ್ದೇ? ಅದಕ್ಕೇನು ದುಡ್ಡು ಕೊಡ್ಬೇಕೇನ್ರೀ?”

ನಾನು ಒಂದೇ ಮಾತಿನಲ್ಲಿಯೇ ಹೇಳಿದೆನೆಂದು ಈಗಲೂ ನಂಬಿದ್ದೇನೆ. ದಿನಚರಿಯಲ್ಲಿ ಆ ಮಾತು ಹೀಗೆ ದಾಖಲಾಗಿದೆ: “ಮಾತ್ರೆಯನ್ನು ನಿಲ್ಲಿಸುವಂತೆ ಶಿಫಾರಸು ಮಾಡಲು ಸಾಕಷ್ಟು ಆಧಾರಗಳು ಸದ್ಯಕ್ಕೆ ಲಭ್ಯವಿಲ್ಲ.”

“ಸದ್ಯಕ್ಕೆ!” ಯಜಮಾನರ ಮುಖ ಅರಳಿತು. “ಸದ್ಯಕ್ಕೆ ಇಲ್ಲ ಅಂತೆ. ನಾಳೆ ಸಿಕ್ಕಬಹುದು. ನಾವು ಸ್ವಲ್ಪ ಮುಂಚೆ ಶುರು ಮಾಡಿದ ಹಾಗೆ ಆಯ್ತು, ಅಷ್ಟೇ. ನಾಳೆಯಿಂದ ಮಾತ್ರೆ ಬಂದ್.”

ಆಕೆಯ ಹಿಡಿದುಕೊಂಡ ಬೆರಳುಗಳಿಗೆ ಬಿಸಿ ಹಿತವೆನಿಸುತ್ತಿತ್ತೋ ಏನೋ, ಕಾಫಿಯ ಲೋಟವನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕುಳಿತಿದ್ದರು. ಈಗ ತಲೆಯೆತ್ತಿ ಕೇಳಿದರು.

“ಅಣ್ಣಾ, ಆ ಮೀನುಗಳು ಮತ್ತೆ ಎಲ್ಲಿ ಹೋದುವು?”

“ಯಾವ ಮೀನುಗಳು?”

“ಗುಣ ಆದವು.”

ಇಷ್ಟು ವರ್ಷಗಳಲ್ಲಿ ಪ್ರಬಂಧ ಪರಿಶೀಲಿಸಿದ ಯಾವ ವಿಮರ್ಶಕರೂ ಈ ಪ್ರಶ್ನೆ ಕೇಳಿರಲಿಲ್ಲ, ಏಕೆಂದರೆ ಉತ್ತರ ಅವರಿಗೆಲ್ಲ ಗೊತ್ತಿತ್ತು. ಮೀನಿನ ಅಂಡಾಶಯದಲ್ಲಿ ಉರಿಯೂತ ಇಳಿದಿದೆಯೇ ಎಂದು ನೋಡಬೇಕಾದರೆ ಅದನ್ನು ಹೊರತೆಗೆದು, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಅರಿಶಿನ ತಿಂದವು, ತಿನ್ನದವು, ಗುಣವಾದವು, ಆಗದವು, ಯಾವುದಕ್ಕೂ ಪಕ್ಷಪಾತವಿಲ್ಲ. ನಿಗದಿತ ದಿನ ಬಂದಾಗ ಎಲ್ಲವನ್ನೂ ಕೊಲ್ಲುತ್ತೇವೆ.

“ಕೊಂದೆವು,” ಎಂದೆ. ಷರತ್ತು ಸೇರಿಸದೆ ನಾನು ಆ ಸಂಜೆ ಆಡಿದ ಮೊದಲ ವಾಕ್ಯ ಅದು.

“ಗುಣ ಆದವನ್ನೂ?”

“ಗುಣ ಆದವನ್ನಂತೂ ಕೊಲ್ಲಲೇಬೇಕು. ಅವುಗಳಲ್ಲೇ ತಾನೇ ನೋಡಬೇಕಾದದ್ದು ಇರುವುದು.”

“ಹಾಗಾದ್ರೆ ಅವು ಮತ್ತೆ ಬದುಕುತ್ತಿದ್ದುವಾ ಇಲ್ವಾ ಅಂತ ನಿಮಗೆ ಗೊತ್ತಿಲ್ಲ.”

“ಇಲ್ಲ.”

“ಒಂದೂ?”

“ಒಂದೂ ಉಳಿಯಲಿಲ್ಲ, ಅಕ್ಕಾ.”

ಯಜಮಾನರು ಫೈಲನ್ನು ಮುಚ್ಚಿದರು. ಅವರ ಮುಖದಲ್ಲಿ ಕಂಡದ್ದು ತಾತ್ವಿಕ ಆಘಾತವೋ, ಅಷ್ಟೊಂದು ಮೀನು ಯಾರ ಹೊಟ್ಟೆಗೂ ಸೇರದೆ ಹೋಯಿತೆಂಬ ಹೋಟೆಲಿನವರ ಸಂಕಟವೋ ಹೇಳಲಾರೆ. “ಸಾರು ಕೂಡ ಮಾಡ್ಲಿಲ್ವಾ?” ಎಂದು ಕೇಳಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

“ನನಗೆ ಮಾತ್ರೆಯೇ ಸಾಕು,” ಎಂದು ಆಕೆ ಎದ್ದರು. “ಕೀಲುನೋವಿಗೆ ಎಂತ ಮಾಡ್ಬೇಕು ಅಂತ ಆಸ್ಪತ್ರೆಯವರನ್ನೇ ಕೇಳುವ. ಕಷಾಯ ಇವರೇ ಕುಡಿಯಲಿ. ಇವರಿಗೆ ಮಂಡಿನೋವು ಉಂಟು.”

ಯಜಮಾನರು ಮರುದಿನದಿಂದ ಕುಡಿದರು. ಈಗಲೂ ಕುಡಿಯುತ್ತಾರೆ. ಮಂಡಿನೋವು ಇದ್ದ ಹಾಗೆಯೇ ಇದೆ.

ಆ ರಾತ್ರಿ ದಿನಚರಿಯಲ್ಲಿ ಬರೆದೆ: “ವೈಜ್ಞಾನಿಕ ವಿಧಾನವನ್ನು ಸರಳವಾಗಿ ವಿವರಿಸಿದೆ. ಮನವರಿಕೆಯಾಯಿತು. ಮಾತ್ರೆ ಉಳಿಯಿತು.” ಸಾಮಾನ್ಯರೊಡನೆ ವಿಜ್ಞಾನಿಗಳು ಹೇಗೆ ಮಾತಾಡಬೇಕೆಂಬುದಕ್ಕೆ ಇದನ್ನೊಂದು ದೃಷ್ಟಾಂತವಾಗಿ ಆಮೇಲೆ ಎಷ್ಟೋ ಕಡೆ ಹೇಳಿದ್ದೇನೆ. ಮುಲುಂಡಿನಲ್ಲಿ ನಿವೃತ್ತ ಸಹೋದ್ಯೋಗಿಗಳು ಸೇರಿದ್ದಾಗ ಹೇಳಿದೆ; ಅವರು ಚಪ್ಪಾಳೆ ತಟ್ಟಿ, ಇದನ್ನು ಬರೆದಿಡಬೇಕೆಂದರು. ಬರೆಯಲು ಕೂತದ್ದರಿಂದಲೇ ತೊಂದರೆಯಾದದ್ದು.

ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕದಲ್ಲಿ ಸಿಮೆಂಟಿನ ತಾವರೆತೊಟ್ಟಿಯೊಂದಿದೆ. ಸೊಳ್ಳೆಮರಿಗಳನ್ನು ತಿನ್ನಲೆಂದು ಮುನಿಸಿಪಾಲಿಟಿಯವರು ಅದರಲ್ಲಿ ಗಪ್ಪಿ ಮೀನುಗಳನ್ನು ಬಿಟ್ಟು ಹೋಗಿದ್ದಾರೆ. ಮೀನು ಎಂದೊಡನೆ ಬಿಲ್ಡಿಂಗಿನ ನಿವಾಸಿಗಳ ಸೊಸೈಟಿ ನನ್ನನ್ನು ಆ ತೊಟ್ಟಿಯ ಗೌರವ ಸಲಹೆಗಾರನನ್ನಾಗಿ ನೇಮಿಸಿತು. ನಿವೃತ್ತಿಯ ನಂತರ ನನಗೆ ದೊರೆತ ಏಕೈಕ ಹುದ್ದೆ. ಒಮ್ಮೆ ಆ ತೊಟ್ಟಿಯ ನೀರು ಹಳದಿಯಾಗಿ, ಸೆಕ್ರೆಟರಿ ಗಾಬರಿಯಿಂದ “ಸರ್, ಪಾನೀ ಪೀಲಾ ಕೈಸೇ ಹೋ ಗಯಾ?” ಎಂದು ಕೇಳಿದ್ದರು. ಅದು ಆ ಮಾರ್ಚಿ ತಿಂಗಳಲ್ಲಿ, ಹೋಳಿಯ ಮರುದಿನ. ಮಕ್ಕಳು ಎರಚಾಡಿದ ಬಣ್ಣವೆಂದು ನಾನು ತೀರ್ಪು ಕೊಟ್ಟೆ. ಹೀಗೆಂದು ನನ್ನ ನೆನಪು. ಈ ಬರಹದಲ್ಲಿ ತೊಟ್ಟಿಗೂ ಒಂದು ಮೂಲೆ ಇರಲೆಂದುಕೊಂಡು, ಹೋಳಿಯ ತಾರೀಖನ್ನು ಖಚಿತಪಡಿಸಿಕೊಳ್ಳಲು ಸೊಸೈಟಿಯ ವಾಟ್ಸ್ಯಾಪ್ ಗ್ರೂಪನ್ನು ಹಿಂದಕ್ಕೆ ಸರಿಸುತ್ತ ಹೋದೆ. ಮಾರ್ಚಿಯಲ್ಲಿ ಹಳದಿ ನೀರಿನ ಸುದ್ದಿಯೇ ಇಲ್ಲ. ಇನ್ನೂ ಹಿಂದೆ ಹೋದೆ. ಸೆಕ್ರೆಟರಿ ಹಾಕಿದ ಫೋಟೋ ಸಿಕ್ಕಿತು: ಶುಕ್ರವಾರ, 3 ಫೆಬ್ರವರಿ. ಅಂದರೆ ದಂಪತಿ ನನ್ನ ಮನೆಗೆ ಬರುವುದಕ್ಕೂ ಮುಂಚೆ. ಫೋಟೋವನ್ನು ಹಿಗ್ಗಿಸಿ ನೋಡಿದೆ. ತಾವರೆ ಎಲೆಯ ಅಂಚಿಗೆ ಹಳದಿ ಗಸಿ ಅಂಟಿತ್ತು. ಅದರ ನಡುವೆ ಕುಟ್ಟಿದ ಕರಿಮೆಣಸಿನ ಚೂರುಗಳಿದ್ದವು.

ಹೋಳಿಯ ಬಣ್ಣಕ್ಕೆ ಕರಿಮೆಣಸು ಹಾಕುವ ಪದ್ಧತಿ ಇಲ್ಲ. ನಾಲ್ಕನೆಯ ಮಹಡಿಗೆ ಹೋಗಿ ಕೇಳಿದೆ. ಯಜಮಾನರು ಹೋಟೆಲಿನಲ್ಲಿದ್ದರು.

“ಈಗ ನೋಡಿದ್ರಾ?” ಎಂದು ಆಕೆ ನಕ್ಕರು. “ಉದಯದ ಸೂರ್ಯನಿಗೆ ಮುಖ ಮಾಡಿ ಕುಡಿಯಬೇಕು ಅಂತ ಅವರ ಲೆಕ್ಕ. ನಮ್ಮ ಕಿಟಕಿ ಎಲ್ಲ ಪಡುವಣಕ್ಕೆ. ಹಾಗೆ ನಾನು ಲೋಟ ಹಿಡ್ಕೊಂಡು ದಿನಾ ಕೆಳಗೆ ಹೋಗ್ತಿದ್ದೆ, ತೊಟ್ಟಿಗೆ ಚೆಲ್ತಿದ್ದೆ. ನಿಮ್ಮ ಮನೆಗೆ ಬರುವ ಮೊದಲೇ ಕಷಾಯ ಶುರು ಆಗಿತ್ತು; ಶುರುವಿನ ದಿನದಿಂದಲೂ ಅಷ್ಟೇ. ಅವರೇ ಬೇಗ ಎದ್ದು ಕುದಿಸಿ ಕೊಡ್ತಿದ್ರು ಅಣ್ಣಾ, ಮುಖಕ್ಕೆ ಹೊಡೆದ ಹಾಗೆ ಬೇಡ ಅಂತ ಹೇಗೆ ಹೇಳುದು?”

“ಮಾತ್ರೆ?”

“ಮಾತ್ರೆ ನಾನು ಯಾಕೆ ಬಿಡ್ಲಿ? ಅವರು ಬಂದ್ ಮಾಡಿಸಿದ್ರೂ ಬಿಡ್ತಿರ್ಲಿಲ್ಲ, ಕದ್ದು ನುಂಗ್ತಿದ್ದೆ. ಆದ್ರೆ ಐದು ವರ್ಷ ಕದಿಯುದು ಕಷ್ಟ ಅಲ್ವಾ? ಅದಕ್ಕೆ ನಿಮ್ಮ ಹತ್ರ ಕರ್ಕೊಂಡು ಬಂದದ್ದು. ನೀವು ಬೇಡ ಅಂದ್ರೆ ಅವರು ಕೇಳ್ತಾರೆ ಅಂತ ಗೊತ್ತಿತ್ತು. ನೀವು ನೋಡಿದ್ರೆ ಬೇಡ ಅಂತ ಹೇಳ್ಲಿಕ್ಕೇ ತಯಾರಿಲ್ಲ! ಮತ್ತೆ ಮೀನಿನ ವಿಷಯ ಎತ್ತಿದೆ. ಮೀನಿನ ವಿಷಯ ಅವರಿಗೆ ಅರ್ಥ ಆಗ್ತದೆ.”

ಆದ್ದರಿಂದ ದಿನಚರಿಯ ಪುಟಕ್ಕೆ ಈ ತಿದ್ದುಪಡಿ. ‘ಮನವರಿಕೆಯಾಯಿತು’ ಎಂಬುದು ಯಜಮಾನರಿಗೆ ಮಾತ್ರ ಅನ್ವಯಿಸುತ್ತದೆ, ವಿವರಿಸಿದವನು ನಾನಲ್ಲ. ಇನ್ನೊಂದು ಅಂಶ. ಫೋಟೋದಲ್ಲಿ ಹಳದಿ ನೀರಿನ ತುಂಬ ಗಪ್ಪಿ ಮರಿಗಳು ಕಿಕ್ಕಿರಿದಿವೆ. ಪ್ರಮಾಣ ಹೆಚ್ಚಾದರೆ ಸಂತಾನ ಕುಗ್ಗುತ್ತದೆಂಬ ನನ್ನ ಪ್ರಬಂಧಕ್ಕೆ ಇದು ವಿರುದ್ಧ. ಆದರೆ ಗಪ್ಪಿ ತಿಲಾಪಿಯಾ ಅಲ್ಲ. ಚೆಲ್ಲಿದ ಕಷಾಯವನ್ನು ಯಾರೂ ಅಳೆದಿಲ್ಲ. ಹೋಲಿಸಲು ಕಷಾಯ ಬೀಳದ ಇನ್ನೊಂದು ತೊಟ್ಟಿ ಇಲ್ಲ. ಹೆಚ್ಚಿನ ಅಧ್ಯಯನದ ಅಗತ್ಯವಿದೆ.

ನಾನು ಹೋಳಿಯ ಬಣ್ಣವೆಂದು ತೀರ್ಪು ಕೊಟ್ಟ ನೆನಪಿಗೂ ಗ್ರೂಪಿನಲ್ಲಿ ಆಧಾರವಿಲ್ಲ. ಫೆಬ್ರವರಿ ಮೂರರ ಆ ಫೋಟೋದ ಕೆಳಗೆ, ಅದೇ ಬೆಳಗ್ಗೆ ನಾನು ಬರೆದ ಉತ್ತರ ಹೀಗಿದೆ: “ಪೈಪಿನ ತುಕ್ಕು. ಖಚಿತ. ಆತಂಕ ಬೇಡ.” ಅದಕ್ಕೆ ಬಿದ್ದಿರುವುದು ಒಂದೇ ಒಂದು ಹೆಬ್ಬೆರಳಿನ ಮೆಚ್ಚುಗೆ, ನಾಲ್ಕನೆಯ ಮಹಡಿಯ ಆಕೆಯದು.