ತೊಟ್ಟು ಕಿತ್ತ ಟೊಮೆಟೊ

ಹೋದ ಭಾನುವಾರ ನಾನು ಎರಡು ಕ್ರೇಟ್ ಟೊಮೆಟೊ ಕೆಡಿಸಿದೆ.

ಒಂದೂ ಕೊಳೆತಿರಲಿಲ್ಲ. ಒಂದೂ ಜಜ್ಜಿರಲಿಲ್ಲ. ಒರೆಸಿ, ಸ್ವಚ್ಛ ಮಾಡಿ, ಸಾಲಾಗಿ ಜೋಡಿಸಿ ಕೆಡಿಸಿದೆ. ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡುವುದಕ್ಕೂ ಒಂದು ಟ್ರೇನಿಂಗ್ ಬೇಕು. ನನಗೆ ಅದು ಚಿಕ್ಕಂದಿನಲ್ಲೇ ಸಿಕ್ಕಿತ್ತು.

ನೀಲಕ್ಕ ನನ್ನ ಸ್ವಂತ ಅಕ್ಕ. ಅವಳನ್ನು ಕೊಟ್ಟಿದ್ದು ಹನುಮಸಾಗರದ ಹತ್ತಿರದ ಒಂದು ಹಳ್ಳಿಗೆ. ಕೊಪ್ಪಳದ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವ ನಾನು ರಜೆ ಸಿಕ್ಕರೆ ಸಾಕು, ಬೈಕ್ ಹತ್ತಿ ಕುಷ್ಟಗಿ ದಾಟಿ ಅವಳ ಹೊಲದಲ್ಲಿ ಇಳಿಯುತ್ತೇನೆ. (ಪಾಠಕ್ಕೆ ಉಪಯೋಗವಾಗುತ್ತದೆ ಎಂದು ಹೆಂಡತಿಗೆ ಹೇಳುತ್ತೇನೆ. ಅಸಲಿ ಕಾರಣ ಅಕ್ಕನ ಕೈಯ ಎಣಗಾಯಿ ಮತ್ತು ಸಜ್ಜಿ ರೊಟ್ಟಿ.)

ಅಕ್ಕ ಬೆಳೆಯುವುದು ಟೊಮೆಟೊ. ಆದರೆ ತಿನ್ನುವುದಕ್ಕಲ್ಲ, ಬೀಜಕ್ಕೆ. ಕಂಪನಿಯವರು ಎರಡು ತಳಿಯ ಸಸಿ ಕೊಡುತ್ತಾರೆ, ಒಂದು ಗಂಡು, ಇನ್ನೊಂದು ಹೆಣ್ಣು. ಸಂಜೆ ಹೆಣ್ಣು ಗಿಡದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಅದರೊಳಗಿನ ಗಂಡು ಭಾಗವನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಒಂದೊಂದೇ ಹೂವಿಗೆ. ಇಲ್ಲಿಯವರು ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಹಣ್ಣಾದ ಮೇಲೆ ಅದನ್ನು ತುಳಿದು, ಹುಳಿ ಹಿಡಿಸಿ, ತೊಳೆದು ಬೀಜ ಇಟ್ಟುಕೊಳ್ಳುತ್ತಾರೆ. ರಸ, ತಿರುಳು ಎಲ್ಲ ತಿಪ್ಪೆಗೆ.

ಟೊಮೆಟೊ ಬೆಳೆದು ಟೊಮೆಟೊವನ್ನೇ ಚೆಲ್ಲುವ ಹೊಲ! ಮೊದಲ ಸಲ ಇದು ತಿಳಿದಾಗ ನನಗೆ ಸಂಕಟವಾಗಿತ್ತು.

"ಈ ಬೀಜ ಎಲ್ಲಿಗೆ ಹೋಕ್ಕಾವಕ್ಕಾ?" ಎಂದು ಆಗ ಕೇಳಿದ್ದೆ.

"ನನಗೇನ್ ಗೊತ್ತೋ ತಮ್ಮಾ, ಯಾವ್ಯಾವ ದೇಶಕ್ಕೋ ಹೋಕ್ಕಾವಂತ. ಒಮ್ಮೆ ಇಬ್ರು ಕೆಂಪು ಮಾರಿಯವರು ನೋಡಾಕ ಬಂದಿದ್ರು. ನಮ್ಮ ಬಿಸಲಿಗೆ ಇನ್ನೂ ಕೆಂಪಾಗಿ ಹೋದ್ರು" ಅಂದಿದ್ದಳು.

ನನ್ನ ಕ್ಲಾಸಿನ ಗೋಡೆಯ ಮೇಲೆ ರಾಜ್ಯದ ನಕಾಶೆಯೊಂದಿದೆ. ಕಾರಟಗಿಯ ಅಕ್ಕಿಗೆ ಒಂದು ದಪ್ಪ ಬಾಣ, ಕುಷ್ಟಗಿಯ ದಾಳಿಂಬೆಗೆ ಇನ್ನೊಂದು. ಎಲ್ಲ ಬಾಣಗಳೂ ಜಿಲ್ಲೆಯಿಂದ ಹೊರಗೆ ಓಡುತ್ತವೆ. ಅಕ್ಕನ ಬೀಜಕ್ಕೆ ಬಾಣವಿಲ್ಲ. ಲಾರಿಗಟ್ಟಲೆ ಹೋಗುವುದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ, ಮುಷ್ಟಿಯಲ್ಲಿ ಹೋಗುವುದನ್ನು ಯಾರು ನೋಡುತ್ತಾರೆ? ಆದರೆ ಆ ಮುಷ್ಟಿ ಬೀಜದಿಂದಲೇ ಇನ್ನೆಲ್ಲೋ ಒಂದು ಊರಿನ ಇಡೀ ಮಾರ್ಕೆಟ್ಟು ಕೆಂಪಾಗುತ್ತದೆ.

ಇಂಥ ಕೆಲಸ ನಮ್ಮ ಒಣ ಸೀಮೆಗೇ ಏಕೆ ಬಂತು? ಪಾಠದಲ್ಲಿ ಕಾರಣಗಳಿವೆ. ಒಣ ಹವೆ, ಕಡಿಮೆ ಮಳೆ, ಕಾರ್ಮಿಕರ ಲಭ್ಯತೆ. ವರ್ಷಗಟ್ಟಲೆ ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. 'ಕಾರ್ಮಿಕರ ಲಭ್ಯತೆ' ಅಂದರೆ ಬಾಗಿದ ಸೊಂಟದಲ್ಲಿ ಹೂವಿನಿಂದ ಹೂವಿಗೆ ಸರಿಯುವ ಗಂಗವ್ವ ಮತ್ತು ಅವಳ ಜೊತೆಯ ಏಳು ಹೆಂಗಸರು ಎಂದು ಎಲ್ಲೂ ಬರೆದಿಲ್ಲ.

ಇರಲಿ, ಭಾನುವಾರಕ್ಕೆ ಬರುತ್ತೇನೆ.

ಕ್ರಾಸಿಂಗ್ ನೋಡಿದ್ದೆ, ಕೊಯ್ಲು ನೋಡಿರಲಿಲ್ಲ. ನಾನು ಹೋದಾಗ ಮಧ್ಯಾಹ್ನ. ಹೆಂಗಸರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಅಕ್ಕ ಮಜ್ಜಿಗೆ ತರಲು ಮನೆಗೆ ಹೋಗಿದ್ದಳು. ಬೀಜದ ಬೆಳೆಯಿದ್ದ ಪ್ಲಾಟಿನ ಬದುವಿನ ಮೇಲೆ ಎರಡು ಕ್ರೇಟ್ ಹಣ್ಣು, ಪಕ್ಕದಲ್ಲಿ ಒಂದು ಬುಟ್ಟಿ. ಬುಟ್ಟಿಯಲ್ಲಿದ್ದವು ಇನ್ನೂ ದಪ್ಪ, ಇನ್ನೂ ಚಂದ.

ಸುಮ್ಮನೆ ಕೂಡಬೇಕಿತ್ತು. ಕೂಡಲಿಲ್ಲ.

ಚಿಕ್ಕವನಿದ್ದಾಗ ಅಪ್ಪ ಕುಷ್ಟಗಿ ಸಂತೆಗೆ ಟೊಮೆಟೊ ಒಯ್ಯುತ್ತಿದ್ದ. ತೊಟ್ಟು ಕೀಳುವುದು ನನ್ನ ಕೆಲಸ. ತೊಟ್ಟು ಇದ್ದರೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ಆಮೇಲೆ ಪಂಚೆಯ ಚುಂಗಿನಿಂದ ಒರೆಸಿ, ಸಣ್ಣವನ್ನು ಕೆಳಗೆ, ದಪ್ಪವನ್ನು ಮೇಲೆ ಇಡಬೇಕು. (ಗಿರಾಕಿಯನ್ನು ಮರುಳು ಮಾಡುವ ಈ ಕಲೆಯನ್ನು ಈಗಿನವರು ಪ್ಯಾಕೇಜಿಂಗ್ ಅನ್ನುತ್ತಾರೆ.) ಕೈಗೆ ಅದೆಲ್ಲ ನೆನಪಿತ್ತು. ಎರಡೂ ಕ್ರೇಟಿನ ಹಣ್ಣುಗಳ ತೊಟ್ಟು ಕಿತ್ತೆ. ಕರ್ಚೀಫಿನಿಂದ ಒರೆಸಿದೆ. ಬುಟ್ಟಿಯ ದಪ್ಪ ಹಣ್ಣುಗಳನ್ನೂ ತೊಟ್ಟು ಕಿತ್ತು ಬೆರೆಸಿ, ಗಾತ್ರ ನೋಡಿ ಸಾಲಾಗಿ ಜೋಡಿಸಿದೆ. ಅಕ್ಕ ಎಷ್ಟು ಖುಷಿಪಡುತ್ತಾಳೋ ಎಂದುಕೊಂಡು ಕೈ ತೊಳೆದೆ.

ಮೊದಲು ಬಂದವಳು ಗಂಗವ್ವ. ಕ್ರೇಟ್ ನೋಡಿದಳು, ಕಾಲ ಬುಡದಲ್ಲಿ ಬಿದ್ದಿದ್ದ ತೊಟ್ಟುಗಳ ರಾಶಿ ನೋಡಿದಳು, ನನ್ನನ್ನು ನೋಡಿದಳು.

"ಅಯ್ಯ ನಮ್ಮಪ್ಪಾ! ಸರ್, ಏನ್ ಮಾಡಿದ್ರಿ ಇದು?"

"ಯಾಕವ್ವಾ? ಸ್ವಚ್ಛ ಮಾಡೀನಿ."

ಅವಳು ನೆಲದಿಂದ ಒಂದು ತೊಟ್ಟನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟಳು. ತೊಟ್ಟಿನ ಸುತ್ತ ಹಸಿರು ಎಸಳುಗಳಿರುತ್ತವಲ್ಲ, ಅವುಗಳಲ್ಲಿ ಎರಡನ್ನು ಕತ್ತರಿಸಲಾಗಿತ್ತು. ಕ್ರಾಸಿಂಗ್ ಮಾಡುವಾಗಲೇ ಕತ್ತರಿಸುತ್ತಾರಂತೆ, ನಾನು ಗಮನಿಸಿರಲಿಲ್ಲ. ಅದೇ ಗುರುತು. ಗುರುತಿದ್ದ ಹಣ್ಣು ಬೀಜಕ್ಕೆ. ಗುರುತಿಲ್ಲದ್ದು ಕೈತಪ್ಪಿ ತಾನಾಗಿಯೇ ಕಾಯಿ ಕಟ್ಟಿದ್ದು, ಅದರ ಬೀಜ ಬೆರೆಯಬಾರದು. ಬುಟ್ಟಿಯಲ್ಲಿ ಬೇರೆ ಇಟ್ಟಿದ್ದು ಅವನ್ನೇ. ನಾನು ಬೆರೆಸಿದ್ದೂ ಅವನ್ನೇ.

ತೊಟ್ಟು ಹೋದ ಮೇಲೆ ಯಾವುದು ಯಾವುದೆಂದು ದೇವರಿಗೂ ಹೇಳಲಾಗದು.

ಅಕ್ಕ ಮಜ್ಜಿಗೆ ಗಡಿಗೆ ಇಳಿಸಿ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಜದ ಸ್ಯಾಂಪಲ್ಲನ್ನು ಕಂಪನಿಯವರು ಬೇರೆ ಕಡೆ ಬಿತ್ತಿ ಪರೀಕ್ಷೆ ಮಾಡುತ್ತಾರೆ. ಕಲಬೆರಕೆ ಕಂಡರೆ ಎರಡು ಕ್ರೇಟಿನದಲ್ಲ, ಇಡೀ ಪ್ಲಾಟಿನ ಬೀಜವೇ ವಾಪಸ್. ಮುಂದಿನ ವರ್ಷ ಕಂಪನಿ ಪ್ಲಾಟೂ ಕೊಡುವುದಿಲ್ಲ. ಅಕ್ಕನ ಬೀಜ ಇದುವರೆಗೆ ಒಮ್ಮೆಯೂ ವಾಪಸ್ ಬಂದಿರಲಿಲ್ಲ. ಆ ಹೆಸರಿನ ಮೇಲೆ ಎಂಟು ಹೆಂಗಸರ ದುಡಿಮೆ ನಿಂತಿತ್ತು.

ನನಗೆ ನಾಚಿಕೆಯಾಗಿತ್ತು. ನಾಚಿಕೆಯಾದವನಿಗೆ ಬುದ್ಧಿ ಬಲು ಬೇಗ ಓಡುತ್ತದೆ.

"ಅಕ್ಕಾ, ಬುಟ್ಟಿಯಾಗಿದ್ದು ಎಷ್ಟರ ಇದ್ವು? ಇಡೀ ಪ್ಲಾಟಿನಾಗ ಅದೇನ್ ಲೆಕ್ಕ? ಪರೀಕ್ಷಾದಾಗ ಸಿಗೂದೂ ಇಲ್ಲ. ಹಾಕಿಬಿಡು. ಯಾರಿಗ್ ಗೊತ್ತಾಗ್ತೈತಿ?"

ಇದನ್ನು ಹೇಳಿದ್ದು ನಾನು. ಪರೀಕ್ಷಾ ಹಾಲಿನಲ್ಲಿ ಕಾಪಿ ಹಿಡಿಯುವ ಮೇಷ್ಟ್ರು.

ಗಂಗವ್ವ ಬೇರೆ ಕಡೆ ಮುಖ ತಿರುಗಿಸಿದಳು. ಅಕ್ಕ ಒಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಪ್ಪನ ಟೊಮೆಟೊ ಚೀಟಿ ನೆನಪೈತೇನೋ?" ಅಂದಳು.

ನೆನಪಿತ್ತು. ಒಂದು ವರ್ಷ ಅಪ್ಪ ಅಂಗಡಿಯಿಂದ ಹೊಸ ಬೀಜದ ಪೊಟ್ಟಣ ತಂದಿದ್ದ, ನಮ್ಮ ಮನೆಯಲ್ಲಿ ಅದಕ್ಕೆ ಚೀಟಿ ಅನ್ನುತ್ತಿದ್ದೆವು. ಚೀಟಿಯ ಮೇಲೆ ದುಂಡನೆಯ ಕೆಂಪು ಹಣ್ಣಿನ ಚಿತ್ರ. ಹೊಲದಲ್ಲಿ ಒಂದು ಗಿಡ ಒಂದು ನಮೂನೆ. ಕೆಲವು ಸೊಂಟದೆತ್ತರ ಬೆಳೆದು ಗೋಲಿಯಷ್ಟು ಕಾಯಿ ಬಿಟ್ಟವು, ಕೆಲವು ಬಿಡಲೇ ಇಲ್ಲ. ಅಂಗಡಿಯವನು "ನಾ ಚೀಟಿ ಮಾರಾಂವಪ್ಪಾ, ಒಳಗಿಂದು ನನಗೇನ್ ಗೊತ್ತು?" ಅಂದ. ಅಪ್ಪ ಖಾಲಿ ಚೀಟಿ ತಂದು ನನ್ನ ಕೈಗೆ ಕೊಟ್ಟು, "ಇದನ್ನ ಮಾಡಿದವರ ಊರು ಯಾವುದೈತಿ ಓದು" ಅಂದಿದ್ದ. ಓದಿದೆ. ಹೆಸರಿತ್ತು, ತೂಕವಿತ್ತು, ಊರಿರಲಿಲ್ಲ. ಆ ಚೀಟಿ ಎಷ್ಟೋ ವರ್ಷ ಅಡುಗೆಮನೆಯ ಗೋಡೆಯ ಮಾಡದಲ್ಲೇ ಇತ್ತು. ಅಪ್ಪನಿಗೆ ಜಗಳ ಬೇಕಿರಲಿಲ್ಲ. ಯಾಕೆ ಹೀಗಾಯಿತು ಎಂದು ಒಬ್ಬರನ್ನಾದರೂ ಕೇಳಬೇಕಿತ್ತು.

"ಈ ಬೀಜ ಬಿತ್ತಾಂವನೂ ಯಾರೋ ಒಬ್ಬ ಅಪ್ಪನ ಅಲ್ಲೇನೋ?" ಅಂದಳು ಅಕ್ಕ. "ನನ್ನ ಊರು ಅಂವಗ ಗೊತ್ತಿಲ್ಲ, ಅಂವನ ಊರು ನನಗ ಗೊತ್ತಿಲ್ಲ. ಅಂವಗ ಕೇಳಾಕ ಬರೂದಿಲ್ಲ ಅಂತ ನಾ ಹಿಂಗ ಮಾಡ್ಲೇನು?"

ಅಕ್ಷಾಂಶ ರೇಖಾಂಶ ಎಲ್ಲ ಗೊತ್ತಿದ್ದವನು ತೆಪ್ಪಗೆ ಮಜ್ಜಿಗೆ ಕುಡಿದೆ.

ಅಕ್ಕ ಎರಡೂ ಕ್ರೇಟನ್ನು ಹೆಂಗಸರ ಕಡೆ ಸರಿಸಿದಳು. "ಉಡಿಯಾಗ ಹಾಕ್ಕೊಳ್ರೆವ್ವಾ. ಇವತ್ತ ಎಲ್ಲಾರ ಮನ್ಯಾಗೂ ನಮ್ಮ ತಮ್ಮನ ಸಾರು" ಅಂದಳು. ಆಗ ಎಲ್ಲರೂ ನಕ್ಕರು. ನಗುತ್ತಲೇ ಗಂಗವ್ವ ಅಂದಳು: "ಎಂಥಾ ಕೂಸಿನಂಗ ಜ್ವಾಪಾನ ಮಾಡಿದ್ವಿ ಸರ್ ಒಂದೊಂದು ಹೂವ!" ನಗುವಿನ ನಡುವೆ ಬಂದ ಆ ಮಾತು ನನಗೆ ಚೆನ್ನಾಗಿಯೇ ನಾಟಿತು. ಅಷ್ಟು ಹೆಂಗಸರು ಬೆನ್ನು ಬಗ್ಗಿಸಿ ಎಷ್ಟು ಬೆಳಗು, ಎಷ್ಟು ಸಂಜೆ ಮಾಡಿದ ಕೆಲಸವನ್ನು ನಾನು ಒಂದು ಊಟದ ಹೊತ್ತಿನಲ್ಲಿ ಸಾರು ಮಾಡಿದ್ದೆ.

ಸಂಜೆ ಹೊರಡುವಾಗ ನನ್ನ ಚೀಲಕ್ಕೂ ಒಂದಿಷ್ಟು ತುಂಬಿದಳು. ಹಣ್ಣುಗಳು ಬಲು ರುಚಿಯಾಗಿದ್ದವು, ಅದು ಬೇರೆ ಮಾತು.

ಸೋಮವಾರ ಕ್ಲಾಸಿನಲ್ಲಿ ನಕಾಶೆಯ ಮುಂದೆ ನಿಂತೆ. ಹನುಮಸಾಗರದ ಹತ್ತಿರ ಸೀಸದ ಕಡ್ಡಿಯಿಂದ ಒಂದು ತೆಳ್ಳನೆಯ ಬಾಣ ಎಳೆದೆ. ಹೊರಗೆ ಹೋಗುವ ಬಾಣ. ಅದರ ತುದಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಸಮುದ್ರದಲ್ಲೇ ಬಿಟ್ಟೆ. ಆಮೇಲೆ ಅಪ್ಪನ ಚೀಟಿ ನೆನಪಾಗಿ, ಒಳಗೆ ಬರುವ ಬಾಣವನ್ನೂ ಒಂದು ಎಳೆದೆ. ಅದು ಎಲ್ಲಿಂದ ಹೊರಡಬೇಕು ಎನ್ನುವುದೂ ತಿಳಿಯಲಿಲ್ಲ.

ಅಪ್ಪ ಹುಡುಕಿದ, ಆ ಚೀಟಿಯ ಬೀಜ ಬೆಳೆದ ಮನುಷ್ಯನಿಗೂ, ಯಾವ ದೇಶದ ಯಾವ ಬದುವಿನ ಮೇಲೋ, ನನ್ನಂಥ ಒಬ್ಬ ತಮ್ಮ "ಹಾಕಿಬಿಡು, ಯಾರಿಗೆ ಗೊತ್ತಾಗುತ್ತದೆ" ಅಂದಿದ್ದನೆ?